ಹದಿನೇಳು ದಿನದ ಊಟ

ನಮ್ಮ ಊರು ಯುದ್ಧಕ್ಕೆ ಹೋಗುವ ಮೊದಲು ಊಟಕ್ಕೆ ಕೂರುತ್ತದೆ.

ಊರು ಕಟ್ಟಿದ ಹಿರಿಯ ಹಾಕಿಟ್ಟ ಕಟ್ಟಳೆ ಇದು. ಕೋಟೆ ಬಾಗಿಲಿನಿಂದ ಹೊಳೆಯ ಮೆಟ್ಟಿಲಿನವರೆಗೆ ಒಂದೇ ಪಂಕ್ತಿ. ಮೊದಲ ಎಲೆ ಯಜಮಾನನದು, ಕೊನೆಯ ಎಲೆ ಅಂಬಿಗನದು. ಉಂಡು ಮುಗಿಸಿದವರು ಎಲೆ ಮಡಚಬೇಕು. ಎಲ್ಲರ ಎಲೆಯೂ ಮಡಚಿದ ಮೇಲೆ ಎಲ್ಲರೂ ಒಟ್ಟಿಗೆ ಏಳಬೇಕು, ಹೊಳೆಗಿಳಿದು ಕೈ ತೊಳೆಯಬೇಕು, ತೊಳೆದ ಕೈಯಲ್ಲಿ ಆಯುಧ ಹಿಡಿಯಬೇಕು. ಒಂದು ಎಲೆ ತೆರೆದಿದ್ದರೂ ಯಾರೂ ಏಳುವಂತಿಲ್ಲ. ಒಬ್ಬರ ಎಲೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಯಾರ ಬಾಯಿಗೂ ಯಾರೂ ತುರುಕುವಂತಿಲ್ಲ. ಹಸಿದ ಹೊಟ್ಟೆಯಲ್ಲಿ ಯಾರೂ ಸಾಯಲು ಹೋಗಬಾರದು, ಮನಸ್ಸಿಲ್ಲದವನನ್ನು ಎಬ್ಬಿಸಿಕೊಂಡು ಹೋಗಬಾರದು ಎಂದು ಆ ಪುಣ್ಯಾತ್ಮ ಯೋಚಿಸಿದ್ದನಂತೆ. ಯೋಚನೆ ಒಳ್ಳೆಯದೇ. ಅದನ್ನು ನಾವು ಏನು ಮಾಡಿಕೊಂಡೆವು ಎಂಬುದನ್ನು ಹೇಳಲು ಹೊರಟಿದ್ದೇನೆ.

ನಾನು ಊರಿನ ನಗಾರಿಯವನು. ಪಂಕ್ತಿ ಎದ್ದ ಕೂಡಲೇ ಹೊಳೆಯ ಮೆಟ್ಟಿಲ ಬಳಿ ನಗಾರಿ ಬಾರಿಸುವುದು ನನ್ನ ಕೆಲಸ. ಅದಕ್ಕೇ ನನ್ನ ಎಲೆ ಕೊನೆಯಿಂದ ಎರಡನೆಯದು, ಅಂಬಿಗನ ಪಕ್ಕದಲ್ಲಿ. ಹೀಗಾಗಿ ನಡೆದದ್ದೆಲ್ಲ ನನ್ನ ಕಣ್ಣೆದುರೇ ನಡೆಯಿತು. ಕೇಳಿದ್ದನ್ನು ಹೇಳುತ್ತಿದ್ದೇನೆ ಎಂದು ಜಾರಿಕೊಳ್ಳುವ ಹಾಗೂ ಇಲ್ಲ.

ಹೊಳೆಯ ಆಚೆ ದಡದಲ್ಲಿ ಇನ್ನೊಂದು ಊರಿತ್ತು. ಹದಿನೇಳು ಬೀದಿಗಳ ಊರು. ನಮ್ಮಷ್ಟು ದೊಡ್ಡದಲ್ಲ. ನಮಗೆ ಕೋಟೆಯಿತ್ತು, ಕಣಜಗಳಿದ್ದವು, ಅರವತ್ತು ದೋಣಿಗಳಿದ್ದವು. ಅವರಿಗೆ ಇದ್ದದ್ದು ಒಂದು ಹರಿಗೋಲು. ಅವರ ಹೆಣ್ಣುಗಳನ್ನು ನಾವು ತರುತ್ತಿದ್ದೆವು, ನಮ್ಮ ಹೆಣ್ಣುಗಳನ್ನು ಅವರಿಗೆ ಕೊಡುತ್ತಿದ್ದೆವು. ಅಂಬಿಗ ತನ್ನ ಒಬ್ಬಳೇ ಮಗಳನ್ನು ಅಲ್ಲಿಗೇ ಕೊಟ್ಟಿದ್ದ, ಹೊಳೆಯಂಚಿನ ಅಂಬಿಗರ ಬೀದಿಗೆ. ಹದಿನೇಳರಲ್ಲಿ ಅದು ಕೊನೆಯ ಬೀದಿ, ಪೂರಾ ಹುಲ್ಲು ಮನೆಗಳು. ಕೊಟ್ಟ ದಿನದಿಂದ ಅಂಬಿಗನಿಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಎಲ್ಲಿ ಉಂಡರೂ ಎಲೆಯ ಮೇಲೆ ಒಂದು ತುತ್ತು ಉಳಿಸುತ್ತಿದ್ದ. ಕೇಳಿದರೆ, 'ಮಗಳ ತುತ್ತು' ಎನ್ನುತ್ತಿದ್ದ. ಊಟವಾದ ಮೇಲೆ ಅದನ್ನು ಹೊಳೆಯ ಮೀನಿಗೆ ಹಾಕುತ್ತಿದ್ದ. ನಾವು ನಕ್ಕು ಸುಮ್ಮನಾಗುತ್ತಿದ್ದೆವು.

ಬೆಟ್ಟದಾಚೆಯಿಂದ, ಊರು ಸುಡುವುದೇ ಕಸುಬಾದ ಬೆಂಕಿಯವರು ಇಳಿದು ಬಂದು ಆ ಊರಿನ ಮೊದಲ ಬೀದಿಗೆ ನುಗ್ಗಿದ ದಿನ, ಮಗಳ ಮಾವ ಹರಿಗೋಲಿನಲ್ಲಿ ನಮ್ಮ ಮೆಟ್ಟಿಲಿಗೆ ಬಂದ. ಅಂಬಿಗನಿಗೆ ಅವನು ಬೀಗ. ನಮಗೂ ಬಳಕೆಯಿಂದ ಬೀಗನೇ. ಅವನು ಹೇಳಿದ್ದನ್ನು ಕೇಳಿ ಊರಿಗೆ ಊರೇ ಹೂಂಕರಿಸಿತು. ಗಂಡಸರು ತೊಡೆ ತಟ್ಟಿದರು. ಹೆಂಗಸರು ಒಲೆ ಹೂಡಿದರು. ನಾನು ನಗಾರಿಯ ಚರ್ಮಕ್ಕೆ ಬಿಸಿಲು ತೋರಿಸಿದೆ. ಯಜಮಾನ ಕೋಟೆ ಬಾಗಿಲಲ್ಲಿ ನಿಂತು, "ಅವರ ಮನೆ ಬೆಂಕಿ ನಮ್ಮ ಮನೆ ಬೆಂಕಿ" ಎಂದ. ಎಷ್ಟು ಚೆನ್ನಾಗಿ ಅಂದ ಎಂದರೆ, ಅಲ್ಲೇ ಮೂರು ಜನ ಅತ್ತರು. ಮಧ್ಯಾಹ್ನದ ಹೊತ್ತಿಗೆ ಎಲೆ ಬಿತ್ತು. ಹೋಳಿಗೆ, ಪಾಯಸ, ಎಣ್ಣೆಗಾಯಿ, ಎರಡು ಬಗೆ ಕೋಸಂಬರಿ, ಕೊನೆಗೆ ಮೊಸರನ್ನ. ಬಡಿಸಿದವರೂ ಪಾತ್ರೆ ಬದಿಗಿಟ್ಟು ನಡುನಡುವೆ ಬಿಟ್ಟ ಜಾಗದಲ್ಲಿ ಕೂತರು. ಉಂಡೆವು. ಬಿಸಿಲು ತಿರುಗುವ ಮುಂಚೆಯೇ ಮೊದಲ ಎಲೆಯಿಂದ ಶುರುವಾಗಿ ಎಲೆಗಳು ಒಂದೊಂದಾಗಿ ಮಡಚಿಕೊಂಡವು. ನನ್ನದೂ ಮಡಚಿತು.

ಅಂಬಿಗನ ಎಲೆ ಮಡಚಲಿಲ್ಲ. ಅದರ ನಟ್ಟನಡುವೆ ಒಂದು ತುತ್ತು ಮೊಸರನ್ನ ಕೂತಿತ್ತು.

"ಅದನ್ನ ಬಾಯಿಗೆ ಹಾಕ್ಕೊ ಮಾರಾಯ" ಎಂದೆ.

"ಇರು" ಎಂದ.

ಅಭ್ಯಾಸಬಲದಿಂದ ಉಳಿಸಿದ್ದ ಅಷ್ಟೆ. ಆದರೆ ಉಳಿಸಿದ ಮೇಲೆ ಅದನ್ನೇ ನೋಡುತ್ತಾ ಕೂತುಬಿಟ್ಟ. ಆ ತುತ್ತು ಎಲೆಯ ಮೇಲೆ ಇರುವ ತನಕ ಅರವತ್ತು ದೋಣಿಗಳೂ ಕಟ್ಟಿದಲ್ಲೇ ಇರುತ್ತವೆ ಎಂದು ಅವನಿಗೆ ಆಗ ಹೊಳೆದಿರಬೇಕು. ಅವನ ಮುಖ ನೋಡಿದವನು ನಾನೊಬ್ಬನೇ. ಹುಟ್ಟಿದಾಗಿನಿಂದ ಕೊನೆಯ ಎಲೆಯಲ್ಲಿ ಕೂತವನ ಮುಖ ಅದು. ಇಡೀ ಸಾಲು ತನ್ನ ಕೈಯಲ್ಲಿದೆ ಎಂದು ತಿಳಿದು ಅವನಿಗೆ ಸಂತೋಷವೇನೂ ಆಗಲಿಲ್ಲ. ಹೆದರಿದ.

ಮರುದಿನ ಬೀಗ ಬಂದ. ಹರಿಗೋಲನ್ನು ಮೆಟ್ಟಿಲಿಗೆ ತಾಗಿಸಿ, ಇಳಿಯದೆ, ಅಲ್ಲಿಂದಲೇ ಕೇಳಿದ.

"ಬೀಗರೇ, ಊಟ ಆಯ್ತಾ?"

ದಿನಾ ಯಾರಾದರೂ ಯಾರನ್ನಾದರೂ ಕೇಳುವ ಮಾತು ಅದು. ಬೆಳಗಿನಿಂದ ಸಂಜೆಯ ತನಕ ನೂರು ಸಲ ಕೇಳಿರುತ್ತೇವೆ. ಆ ದಿನ ಕೇಳಿದಾಗ ನಾನು ಅಂಬಿಗನ ಎಲೆಯ ಕಡೆ ನೋಡಿದೆ.

"ಆಗ್ತಾ ಐತೆ ಬೀಗರೇ" ಎಂದ ಅಂಬಿಗ. "ಕೂತ್ಕಳಿ."

"ಕೂರಕ್ಕೆ ಪುರಸೊತ್ತಿಲ್ಲ. ನಿನ್ನೆ ಗಾಣಿಗರ ಬೀದಿ ಹೋಯ್ತು. ಇವತ್ತು ಬಳೆಗಾರರ ಬೀದೀಲಿ ಹೊಗೆ ಎದ್ದೈತೆ. ದಿನಕ್ಕೊಂದು ಬೀದಿ ತಿಂತಾವ್ರೆ ಬೀಗರೇ. ನಮ್ಮನೆ ಹದಿನೇಳನೇದು."

"ಹಂಗಾರೆ ನನ್ನ ಮಗಳನ್ನ ಕಳಿಸಿಕೊಡಿ. ಅವಳು ಈ ಮೆಟ್ಟಿಲ ಮೇಲೆ ಕಾಲಿಟ್ಟ ಗಳಿಗೆಗೇ ಈ ತುತ್ತು ಬಾಯಿಗೆ ಹಾಕ್ಕಂತೀನಿ. ಊರೇ ಎದ್ದು ಬತ್ತದೆ."

ಬೀಗ ಹೋದ. ಮೂರನೆಯ ದಿನ ಮಗಳ ಮಾತು ಹೊತ್ತು ಬಂದ.

"ಸೊಸೆ ಹೇಳವ್ಳೆ. ಈ ಬೀದೀಲಿ ನಲವತ್ತು ಮಕ್ಕಳವೆ, ಹರಿಗೋಲಲ್ಲಿ ಐದು ಜನ ಹಿಡಿಸ್ತಾರೆ, ಅಪ್ಪನ ಹತ್ರ ಅರವತ್ತು ದೋಣಿ ಅವೆ. ಮೊದ್ಲು ಅಪ್ಪ ಏಳಲಿ, ಆಮೇಲೆ ನಾನು ಬತ್ತೀನಿ. ಇಷ್ಟೇ ಅಂದ್ಲು."

ಅಪ್ಪ ಮಗಳಿಗಾಗಿ ಕಾದ. ಮಗಳು ಅಪ್ಪನಿಗಾಗಿ ಕಾದಳು. ಇಬ್ಬರದೂ ಒಂದೇ ಹಟ, ಒಂದೇ ರಕ್ತ. ನಡುವೆ ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು.

ನಾನು ಅಂಬಿಗನನ್ನು ಬೈದೆ. ನಿನ್ನ ಮಗಳ ಊರೇ ಉರಿಯುತ್ತಿದೆ, ನಿನಗೆ ಬುದ್ಧಿ ಇಲ್ಲವಾ ಎಂದೆ. ಅವನು ಎಡಗೈಯಿಂದ ತುತ್ತಿನ ಮೇಲಿನ ಇರುವೆ ಓಡಿಸುತ್ತಾ ಹೇಳಿದ:

"ಹಿಂದಿನ ಯುದ್ಧದಾಗೆ ನೀನಿನ್ನೂ ತೊಟ್ಟಿಲಲ್ಲಿದ್ದೆ. ಅವಾಗ್ಲೂ ಆ ಊರನ್ನ ಕಾಪಾಡಾಕೇ ಹೋಗಿದ್ದು. ದೊಂದಿ ಹಿಡಿದೋರನ್ನ ನಾನೇ ದಾಟಿಸಿದ್ದು, ಏಳು ಸಲ. ಹುಲ್ಲು ಮನೆಗೆ ನಮ್ಮೋರ ದೊಂದಿ ಯಾವುದು, ಅವರ ದೊಂದಿ ಯಾವುದು, ಗೊತ್ತಾಯ್ತದಾ? ಕಾಪಾಡಿ ಬಂದ್ರು. ಎಂಟನೇ ಸಲ ದಾಟಿದಾಗ ಅಲ್ಲಿ ಕಾಪಾಡಾಕೆ ಏನೂ ಉಳಿದಿರಲಿಲ್ಲ. ನನ್ನ ಮಗಳು ಈಚೆ ಬರಲಿ, ಆಮೇಲೆ ನೀವೆಲ್ಲ ಹೋಗಿ ಏನಾರ ಮಾಡ್ಕಳಿ."

ನಾನು ಆಚೆ ದಡದ ಹೊಗೆಯ ಕಡೆ ತಿರುಗಿ ಕೂತೆ.

ಯಾರೂ ಏಳುವ ಹಾಗಿಲ್ಲವಾದ್ದರಿಂದ ಯಜಮಾನನ ಮಾತು ಬಾಯಿಂದ ಬಾಯಿಗೆ ಸಾಲಿನುದ್ದಕ್ಕೂ ಇಳಿದು ಬರುತ್ತಿತ್ತು. ಕೋಟೆ ಬಾಗಿಲಲ್ಲಿ ಬೆಳಿಗ್ಗೆ ಹೊರಟರೆ ನಮ್ಮ ಮೆಟ್ಟಿಲು ಮುಟ್ಟುವಾಗ ಇಳಿಹೊತ್ತು. ಕಣಜದ ಹತ್ತಿರ ಕೂತವರು ಕೇಳಿದ್ದು, 'ಅಂಬಿಗ ಕೂಡಲೇ ಮುಗಿಸಲಿ'. ನೇಕಾರರ ಹತ್ತಿರ ಬರುವಾಗ, 'ಅಂಬಿಗ ಆದಷ್ಟು ಬೇಗ ಮುಗಿಸಿದರೆ ಚೆನ್ನ'. ನನ್ನ ಕಿವಿಗೆ ಬಿದ್ದದ್ದು, 'ಅಂಬಿಗನ ಊಟ ಸಾವಕಾಶವಾಗಿ ಆಗಲಿ, ಆದರೆ ಆಗಲಿ'. ಯಾರೂ ತಪ್ಪು ಕೇಳಿಸಿಕೊಂಡಿರಲಿಲ್ಲ. ಒಬ್ಬೊಬ್ಬರೂ ಬೇಕೆಂದೇ ಒಂದು ಚಿಟಿಕೆ ಮೆತ್ತಗೆ ಮಾಡಿದ್ದರು. ನಾನು ಅಂಬಿಗನಿಗೆ ಹೇಳಿದ್ದು ಇಷ್ಟೇ: "ಅವಸರವೇನಿಲ್ಲವಂತೆ."

ಹಾಗೆ ದಿನಗಳು ಹೋದವು. ಕೂತಲ್ಲೇ ತೂಕಡಿಸಿದೆವು, ಕೂತಲ್ಲೇ ಎಚ್ಚರಾದೆವು. ಚೊಂಬನ್ನು ಎಡಗೈಯಲ್ಲೆತ್ತಿ ನೀರು ಕುಡಿದೆವು. ಆ ಊಟ ಉಂಡವರಿಗೆ ಪಂಕ್ತಿ ಏಳುವ ತನಕ ಹಸಿವಾಗುವುದಿಲ್ಲ, ಅದೂ ಕಟ್ಟಳೆಯೇ. ಕಾಲು ಜೋಮು ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಎಲ್ಲಕ್ಕಿಂತ ಹಿಂಸೆ ಬಲಗೈಯದು. ಎಂಜಲು ಕೈ ಒಣಗಿ ಬೆರಳ ಸಂದಿಯಲ್ಲೆಲ್ಲ ಅನ್ನ ಗಟ್ಟಿಯಾಗಿ ಅಂಟಿಕೊಂಡು, ಮುಷ್ಟಿ ಮಾಡಲೂ ಆಗದು, ಬಿಡಿಸಲೂ ಆಗದು. ಆ ಕೈಯಲ್ಲಿ ಕತ್ತಿ ಮುಟ್ಟುವ ಹಾಗಿಲ್ಲ, ನಗಾರಿಯ ಕೋಲು ಮುಟ್ಟುವ ಹಾಗಿಲ್ಲ, ಮಗುವಿನ ತಲೆ ಸವರುವ ಹಾಗಿಲ್ಲ. ಸಾವಿರಾರು ಜನ ಒಂದು ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡು, ಆಚೆ ದಡದ ಹೊಗೆ ನೋಡುತ್ತಾ ಕೂತಿದ್ದೆವು. ಮಾತೆತ್ತಿದರೆ ಜಗಳ. 'ಆ ಅಂಬಿಗನಿಂದ ಊರಿನ ಮಾನ ಹೋಯಿತು' ಎಂದು ಬೈದುಕೊಂಡೆವು. ಬೈದಷ್ಟೂ ಒಂದು ಥರ ನೆಮ್ಮದಿಯೂ ಆಗುತ್ತಿತ್ತು.

ಸುಮ್ಮನೆ ಕೂತಿದ್ದೆವು ಎಂದು ಮಾತ್ರ ಯಾರೂ ಹೇಳಬಾರದು. ಕಣಜದಿಂದ ರಾಗಿ, ಕಂಬಳಿ, ಹಗ್ಗ, ಬಾಣದ ಕಟ್ಟು, ಮುಲಾಮಿನ ಭರಣಿ, ಎಲ್ಲವನ್ನೂ ಸಾಲಿನುದ್ದಕ್ಕೂ ಕೈಯಿಂದ ಕೈಗೆ ದಾಟಿಸಿ ಹರಿಗೋಲಿಗೆ ತುಂಬಿದೆವು. ಬಲಗೈ ಎಂಜಲಾದ್ದರಿಂದ ಎಡಗೈಯಲ್ಲೇ ಕೊಟ್ಟೆವು. ಮನೆ ಬಾಗಿಲಿಗೆ ಬಂದ ಭಿಕ್ಷುಕನಿಗೂ ನಮ್ಮಲ್ಲಿ ಯಾರೂ ಎಡಗೈಯಲ್ಲಿ ಕೊಡುವುದಿಲ್ಲ. ಬೀಗ ಪ್ರತಿಯೊಂದನ್ನೂ ಎರಡೂ ಕೈಯೊಡ್ಡಿ, ತಲೆ ಬಾಗಿಸಿ ತೆಗೆದುಕೊಂಡ. ಆಮೇಲೆ ಮತ್ತೆ ಅದೇ ಪ್ರಶ್ನೆ.

"ಬೀಗರೇ, ಊಟ ಆಯ್ತಾ?"

"ಆಗ್ತಾ ಐತೆ ಬೀಗರೇ."

ನೇಕಾರರ ಬೀದಿ ಹೋಯಿತು. ಹೂವಾಡಿಗರ ಬೀದಿ ಹೋಯಿತು. ಬಡಗಿಗಳ ಬೀದಿ ಎರಡು ದಿನ ತಡೆಯಬಹುದು ಎಂದುಕೊಂಡಿದ್ದೆವು, ಅದೂ ಒಂದೇ ದಿನದಲ್ಲಿ ಹೋಯಿತು. ಬೀಗನ ಹುಬ್ಬು ಸುಟ್ಟಿತ್ತು, ದನಿ ಸಣ್ಣದಾಗಿತ್ತು. ಹದಿನಾರನೆಯ ದಿನ ಅವನು ಮೊದಲ ಸಲ ಹರಿಗೋಲಿನಿಂದ ಇಳಿದು ಮೆಟ್ಟಿಲ ಮೇಲೆ ಅಂಬಿಗನ ಎದುರು ಕೂತ.

"ಬೀಗರೇ, ಇವತ್ತು ಕೇಳಾಕಿಲ್ಲ. ನೋಡ್ಕಂಡು ಹೋಗಾನ ಅಂತ ಬಂದೆ. ನಾಳೆ ನಮ್ಮ ಬೀದಿ."

ಅಂಬಿಗ ಎಡಗೈಯಲ್ಲಿ ಅವನ ತೋಳು ಹಿಡಿದ. "ನಾಳೆ ಬತ್ತಾಳಲ್ಲ? ನಾಳೆಯಾರ ಬರಲೇಬೇಕಲ್ಲ ಅವಳು?"

"ನಿಮ್ಮ ಮಗಳು. ನಿಮಗೇ ಗೊತ್ತು" ಎಂದ ಬೀಗ. ತನ್ನ ಟವಲಿನಿಂದ ಅಂಬಿಗನ ಮುಖದ ಬೆವರು ಒರೆಸಿದ. ಹೋದ. ಅವನ ಬಗ್ಗೆ ನನಗೆ ನೆನಪಿರುವುದು ಆ ಟವಲು.

ಹದಿನೇಳನೆಯ ದಿನ ಬೆಳಿಗ್ಗೆ ಹರಿಗೋಲು ಬರಲಿಲ್ಲ. ಹೊಳೆಯ ಮೇಲೆ ಬೂದಿ ತೇಲಿ ಬರುತ್ತಿತ್ತು. ನಡುಹಗಲಿಗೆ ಹೊಗೆಯೊಳಗಿಂದ ಹರಿಗೋಲು ತಿರುಗುತ್ತಾ ತಿರುಗುತ್ತಾ ಬಂತು. ಹುಟ್ಟು ಹಾಕುತ್ತಿದ್ದವಳು ಮಗಳು. ಅವಳ ಕಾಲ ಬಳಿ ನಾಲ್ಕು ಮಕ್ಕಳು ಒತ್ತಿಕೊಂಡು ಕೂತಿದ್ದವು.

"ಬಂದ್ಯಾ ಮಗಾ! ಬಂದ್ಯಾ!" ಅಂಬಿಗ ಕೂತಲ್ಲೇ ಕುಣಿದ. ಹದಿನೇಳು ದಿನದಿಂದ ಅವನ ಮುಖದ ಮೇಲೆ ಕಾಣದಿದ್ದ ನಗು ಅದು. ಕಲ್ಲಾಗಿದ್ದ ಆ ತುತ್ತನ್ನು ಬಲಗೈಯಲ್ಲಿ ಎತ್ತಿ ಅವಳತ್ತ ಚಾಚಿದ. "ನೋಡು, ನಿನ್ನ ತುತ್ತು. ಮಡಗಿದ್ದೆ. ಯಾರು ಏನಂದ್ರೂ ಬಿಡಲಿಲ್ಲ."

ಮಗಳು ಮೆಟ್ಟಿಲ ಮೇಲೆ ನಿಂತು ಆ ತುತ್ತನ್ನು ನೋಡಿದಳು.

"ಇದಾ ಅಪ್ಪಾ?"

"ನಿಂಗೋಸ್ಕರ ಮಗಾ. ಬೀಗರೆಲ್ಲಿ?"

"ಹರಿಗೋಲಲ್ಲಿ ಐದೇ ಜನ ಹಿಡಿಸೋದು. ಮಾವ ತನ್ನ ಜಾಗದಾಗೆ ಈ ಸಣ್ಣದನ್ನ ಕೂರಿಸಿ ಹುಟ್ಟು ನನ್ನ ಕೈಗೆ ಕೊಟ್ರು." ಆ ಸಣ್ಣದನ್ನು ಮೆಟ್ಟಿಲಿಗೆ ಇಳಿಸಿ ಹೇಳಿದಳು. ಜೋರಾಗೇನೂ ಹೇಳಲಿಲ್ಲ. "ನಾನು ಬಂದ ಮ್ಯಾಲೆ ಏಳೋದಲ್ಲ ಅಪ್ಪಾ. ನಾನು ಕರೆದಾಗ ಏಳಬೇಕಿತ್ತು."

ಅಂಬಿಗನ ಕೈ ಚಾಚಿದ ಹಾಗೇ ಉಳಿಯಿತು. ಅವಳು ಆ ತುತ್ತನ್ನು ತೆಗೆದುಕೊಂಡು, ಬಗ್ಗಿ ಹೊಳೆಯ ನೀರಿನಲ್ಲಿ ನೆನೆಸಿ, ಹಿಸುಕಿ, ನಾಲ್ಕು ಪಾಲು ಮಾಡಿ ಆ ಮಕ್ಕಳ ಬಾಯಿಗೆ ಹಾಕಿದಳು. ಮಕ್ಕಳು ಅಗಿಯದೆ ನುಂಗಿದವು.

ಅಂಬಿಗ ಎಲೆ ಮಡಚಿದ. ಎಲ್ಲರ ಎಲೆಯೂ ಮಡಚಿತ್ತು. ಇನ್ನು ಏಳಬೇಕು. ಸಾಲಿನುದ್ದಕ್ಕೂ ಸುದ್ದಿ ಈ ಸಲ ಒಂದೇ ಉಸಿರಿಗೆ ಮೇಲಕ್ಕೆ ಹೋಯಿತು. ಆದರೆ ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ.

ಆಗ ಆ ಮಕ್ಕಳಲ್ಲಿ ಎಲ್ಲಕ್ಕಿಂತ ಚಿಕ್ಕದು, ಮೂರು ವರ್ಷದ ಹೆಣ್ಣುಮಗು, ಅಂಗೈ ಚಾಚಿ, "ಇನ್ನೊಂಚೂರು" ಎಂದಿತು.

ಮಗಳು ಸುತ್ತ ನೋಡಿದಳು. ಪಕ್ಕದಲ್ಲೇ ನನ್ನ ಎಲೆ. ಮಡಚಿದ ಎಲೆ ಚಪ್ಪಟೆಯಾಗಿರಬೇಕು, ನನ್ನದು ನಡುವೆ ಸ್ವಲ್ಪ ಉಬ್ಬಿತ್ತು. ಅವಳು ಕೈ ಹಾಕಿದಳು. ಒಬ್ಬರ ಎಲೆ ಇನ್ನೊಬ್ಬರು ಮುಟ್ಟುವಂತಿಲ್ಲ ಎಂದು ನಾನು ಬಾಯಿ ತೆರೆದೆ. ಆದರೆ ನಾವೇ ಅವಳನ್ನು ಹೊಳೆಯಾಚೆ ಕೊಟ್ಟು ಕಳಿಸಿದ್ದವರು. ನಮ್ಮ ಕಟ್ಟಳೆ ಅವಳಿಗೆ ಎಲ್ಲಿಯದು?

ಎಲೆಯ ಮಡಿಕೆಯೊಳಗೆ ಅಂಗೈ ಅಗಲದ ಹೋಳಿಗೆಯ ಚೂರು ಇತ್ತು.

ನಾನು ಅದನ್ನು ಮೊದಲ ದಿನವೇ ಬಚ್ಚಿಟ್ಟಿದ್ದೆ. ಅಂಬಿಗನ ತುತ್ತನ್ನು ನೋಡುವ ಮೊದಲೇ. ಊಟ ಪೂರಾ ಮುಗಿಸದಿದ್ದರೆ ಯುದ್ಧವೂ ಪೂರಾ ಶುರುವಾಗುವುದಿಲ್ಲವೇನೋ ಎಂಬ ಒಂದು ಮೂರ್ಖ ಆಸೆ. ಹೆದರಿದ್ದೆ. ಇಷ್ಟು ವರ್ಷವಾದ ಮೇಲೆ ಹೇಳಿಕೊಳ್ಳಲು ನಾಚಿಕೆ ಏನು, ಸಾಯಲು ಹೆದರಿದ್ದೆ.

ಅವಳು ಹೋಳಿಗೆಯನ್ನು ಸೆರಗಿಗೆ ಹಾಕಿಕೊಂಡು ಮುಂದಿನ ಎಲೆ ಬಿಡಿಸಿದಳು. ಅಲ್ಲಿ ಅರ್ಧ ಎಣ್ಣೆಗಾಯಿ. ಅದರ ಮುಂದಿನದರಲ್ಲಿ ಒಂದು ಹಿಡಿ ಕೋಸಂಬರಿ ಒಣಗಿ ಕಾಳು ಕಾಳಾಗಿತ್ತು. ಅದರ ಮುಂದಿನದರಲ್ಲಿ ಹತ್ತೇ ಹತ್ತು ಅಗುಳು, ಒಂದರ ಪಕ್ಕ ಒಂದು ಜೋಡಿಸಿಟ್ಟದ್ದು. ತೊಡೆ ತಟ್ಟಿದವರ ಎಲೆಯಲ್ಲೂ ಇತ್ತು, ಮೊದಲ ದಿನ ಅತ್ತ ಆ ಮೂವರ ಎಲೆಯಲ್ಲೂ ಇತ್ತು, ಅಂಬಿಗನ ಮೇಲೆ ಕಲ್ಲು ಹಾಕಬೇಕು ಎಂದು ಕೂಗಾಡಿದವನ ಎಲೆಯಲ್ಲಿ ಎರಡು ತುತ್ತು ಇತ್ತು. ಅವಳು ಸಾಲಿನುದ್ದಕ್ಕೂ ನಡೆದಳು. ಬಗ್ಗಿದಳು, ಬಿಡಿಸಿದಳು, ಸೆರಗಿಗೆ ಹಾಕಿಕೊಂಡಳು, ಮತ್ತೆ ಬಗ್ಗಿದಳು. ಮಕ್ಕಳು ಹಿಂದೆ ಹಿಂದೆ ನಡೆದವು. ಯಾರೂ ತಡೆಯಲಿಲ್ಲ, ಯಾರೂ ತಲೆ ಎತ್ತಲಿಲ್ಲ. ನಮ್ಮ ಇಡೀ ಊರಿನಲ್ಲಿ ತನ್ನ ಉಳಿದ ತುತ್ತನ್ನು ಬಿಚ್ಚಿದ ಎಲೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡವನು ಅಂಬಿಗ ಒಬ್ಬನೇ.

ಕೋಟೆ ಬಾಗಿಲು ಮುಟ್ಟುವಾಗ ಅವಳ ಸೆರಗು ಭಾರವಾಗಿತ್ತು. ಯಜಮಾನನ ಎಲೆ ಬಿಡಿಸಿದಳು. ಅದರೊಳಗೆ ಊಟಕ್ಕೆ ಊಟವೇ ಇತ್ತು. ಹೋಳಿಗೆ ಮುರಿದಿರಲಿಲ್ಲ, ಅನ್ನ ಕಲಸಿರಲಿಲ್ಲ. ಬಡಿಸಿದ್ದನ್ನು ಹಾಗೇ ಮಡಚಿಟ್ಟಿದ್ದ. ಯಜಮಾನನ ಮಾತು ಗಟ್ಟಿಯಾಗಿ ಹೊರಟು ದಾರಿಯಲ್ಲಿ ನಮ್ಮಿಂದ ಮೆತ್ತಗಾಗುತ್ತಿದೆ ಎಂದು ನಾನು ತಿಳಿದುಕೊಂಡಿದ್ದೆ. ಅದು ಹೊರಡುವಾಗಲೇ ಮೆತ್ತಗಿತ್ತೋ ಏನೋ.

ಮಗಳು ಅವನ ಮುಂದೆ ನೇರವಾಗಿ ನಿಂತಳು.

"ಊಟ ಆಯ್ತಾ, ಬುದ್ಧಿ?"

ಯಜಮಾನ ತನ್ನ ಬಲಗೈಯನ್ನು ನೋಡಿಕೊಂಡ. ಇಡೀ ಸಾಲಿನಲ್ಲಿ ಎಂಜಲಾಗದ ಬಲಗೈ ಅದೊಂದೇ.

"ಆಯ್ತು ತಾಯಿ" ಎಂದ.

ಆಗ ಎದ್ದೆವು. ಹೊಳೆಗಿಳಿದು ಕೈ ತೊಳೆದೆವು. ಹದಿನೇಳು ದಿನದ ಅನ್ನ ಬೇಗ ಬಿಡಲಿಲ್ಲ, ಮರಳು ಹಾಕಿ ಉಜ್ಜಿದೆವು. ನಾನು ನಗಾರಿ ಬಾರಿಸಿದೆ. ಅರವತ್ತು ದೋಣಿಗಳು ದಾಟಿದವು. ಮೊದಲ ದೋಣಿಯ ಹುಟ್ಟು ಅಂಬಿಗನ ಕೈಯಲ್ಲಿತ್ತು, ಎರಡನೆಯದರದು ಅವನ ಮಗಳ ಕೈಯಲ್ಲಿ.

ಗೆದ್ದೆವು. ನಮ್ಮಂಥ ದೊಡ್ಡ ಊರು ಎದ್ದ ಮೇಲೆ ಗೆಲ್ಲದೆ ಇರುವುದುಂಟೆ? ಮೂರೇ ದಿನದಲ್ಲಿ ಬೆಂಕಿಯವರು ಬೆಟ್ಟದಾಚೆ ಓಡಿದರು. ಅಂಬಿಗರ ಬೀದಿಯ ಹುಲ್ಲು ಮನೆಗಳಿಗೆ ಯಾರ ದೊಂದಿ ತಾಗಿತು ಎಂದು ಯಾರಿಗೂ ಗೊತ್ತಿಲ್ಲ. ಆ ಬೀದಿಯ ಉಳಿದ ಮೂವತ್ತಾರು ಮಕ್ಕಳನ್ನು ಹುಡುಕಿದೆವು. ಸಿಕ್ಕಿದ್ದು ಹನ್ನೊಂದು. ಬೀಗ ಸಿಗಲಿಲ್ಲ.

ಈಗ ವರ್ಷಕ್ಕೊಮ್ಮೆ ಅದೇ ದಿನ ನಾವು ಪಂಕ್ತಿಯಲ್ಲಿ ಕೂರುತ್ತೇವೆ, ಮೊದಲ ದಿನವೇ ಎದ್ದಿದ್ದರೆ ಏನಾಗುತ್ತಿತ್ತು ಎಂದು ಹೇಳಿಕೊಳ್ಳುತ್ತೇವೆ. ಒಬ್ಬೊಬ್ಬರು ಒಂದೊಂದು ಬೀದಿಯನ್ನು ಉಳಿಸುತ್ತಾರೆ. ಒಬ್ಬ ಬಳೆಗಾರರ ಬೀದಿ ಉಳಿಸುತ್ತಾನೆ, ಇನ್ನೊಬ್ಬಳು ಹೂವಾಡಿಗರ ಬೀದಿ. ಹೇಳುತ್ತಾ ಹೇಳುತ್ತಾ ಆಚೆ ದಡದಲ್ಲಿ ಹದಿನೇಳು ಬೀದಿಗಳೂ ಎದ್ದು ನಿಲ್ಲುತ್ತವೆ, ಕತೆಯಲ್ಲಿ ನಾವು ಬಹಳ ಧೈರ್ಯವಂತರಾಗಿರುತ್ತೇವೆ. ಮಗಳು ಆ ದಿನ ನಮ್ಮ ಜೊತೆ ಕೂರುವುದಿಲ್ಲ. ಆ ಮಕ್ಕಳನ್ನು ಕರೆದುಕೊಂಡು ಬೇರೆಯಾಗಿ ಉಣ್ಣುತ್ತಾಳೆ. ಅವಳ ಕಿವಿಗೆ ಬೀಳುವ ಹಾಗೆ ನಮ್ಮ ಊರಿನಲ್ಲಿ ಯಾರೂ ಯಾರನ್ನೂ ಊಟ ಆಯ್ತಾ ಎಂದು ಕೇಳುವುದಿಲ್ಲ.

ಅಂಬಿಗ ಈಗ ಎಲೆಯ ಮೇಲೆ ಏನೂ ಉಳಿಸುವುದಿಲ್ಲ. ಬೇಗ ಬೇಗ ಉಣ್ಣುತ್ತಾನೆ, ಬಾಯಿ ಸುಟ್ಟರೂ ನಿಲ್ಲಿಸುವುದಿಲ್ಲ. ಎಲ್ಲರಿಗಿಂತ ಮೊದಲು ಮುಗಿಸಿ, ಕೈ ತೊಳೆದು, ಮೆಟ್ಟಿಲಿನ ಕೊನೆಗೆ ಹೋಗಿ ನಿಲ್ಲುತ್ತಾನೆ. ಹೊಳೆಯ ಮೇಲೆ ಯಾವ ಹರಿಗೋಲೂ ಇರುವುದಿಲ್ಲ. ಒದ್ದೆ ಕೈಯನ್ನು ಮೇಲೆತ್ತಿ ಆಚೆ ದಡಕ್ಕೆ ತೋರಿಸುತ್ತಾ ಕೂಗುತ್ತಾನೆ:

"ಆಯ್ತು ಬೀಗರೇ. ನಮ್ಮದು ಊಟ ಆಯ್ತು."